ಆಯಮ್ಮನ ಮೂಗಿನಲ್ಲಿ ಸಿಕ್ಕ ಅಪರಾಧ

ಮಾನ್ಯ ಆಸ್ಪತ್ರೆ ಅಧೀಕ್ಷಕರೇ,

ನವಜಾತ ಶಿಶುಗಳ ವಾರ್ಡಿಗೆ ಸೋಂಕು ತಂದವರನ್ನು ಮೂರೇ ದಿನದಲ್ಲಿ ಪತ್ತೆಹಚ್ಚಿದ ತಮ್ಮ ಚುರುಕುತನವನ್ನು ಎಲ್ಲರೆದುರು ಕೊಂಡಾಡಬೇಕೆಂದು ಇದನ್ನು ಬರೆಯುತ್ತಿದ್ದೇನೆ. ತಾವು ಪತ್ತೆಹಚ್ಚಿದ, ಆ ವಾರ್ಡಿನ ಆಯಾ ಆಗಿದ್ದ ಆಯಮ್ಮ ಕಳೆದ ಗುರುವಾರ ತೀರಿಕೊಂಡರು. ಅವರ ತಪ್ಪೇನೂ ಇರಲಿಲ್ಲ. ಅದು ತಮಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ನಾನು ತಮ್ಮದೇ ಪ್ರಯೋಗಾಲಯದ ತಂತ್ರಜ್ಞ. ಐದು ಕೂಸುಗಳ ಮೈಮೇಲೆ ಕೀವುಗುಳ್ಳೆ ಎದ್ದು, ಒಂದು ಕೂಸು ರಕ್ತ ನಂಜಾಗಿ ಸತ್ತಾಗ ಅದು ಸ್ಟ್ಯಾಫಿಲೊಕಾಕಸ್ ಎಂಬ ರೋಗಾಣುವಿನ ಕೆಲಸ ಎಂದು ಗುರುತಿಸಿದವನು ನಾನೇ. ಆ ವಾರ್ಡಿನ ನಲ್ಲಿಯಲ್ಲಿ ಹತ್ತೊಂಬತ್ತು ದಿನಗಳಿಂದ ನೀರಿರಲಿಲ್ಲ. ವೈದ್ಯರು, ದಾದಿಯರು ಒಂದು ತೊಟ್ಟಿಲಿನಿಂದ ಇನ್ನೊಂದಕ್ಕೆ ಅದೇ ಕೈಯಲ್ಲಿ ಓಡಾಡುತ್ತಿದ್ದರು. ನೀರಿಗಾಗಿ ದಾದಿಯರು ಬರೆದ ನಾಲ್ಕು ಅರ್ಜಿಗಳು ತಮ್ಮ ಮೇಜಿನ ಮೇಲಿದ್ದವು. ಆದರೆ ತನಿಖೆಗೆ ನಲ್ಲಿ ಸಿಗಲಿಲ್ಲ, ಆಯಮ್ಮ ಸಿಕ್ಕರು. ಇಪ್ಪತ್ತೆರಡು ವರ್ಷ ಕೂಸುಗಳನ್ನು ಮೀಯಿಸಿದ ಹೆಂಗಸೊಬ್ಬಳ ಮೂಗಿನಿಂದ ಮಾತ್ರ ಮಾದರಿ ತೆಗೆಯಲು ಅಪ್ಪಣೆಯಾಯಿತು. ತಮ್ಮ ಮೂಗು, ವೈದ್ಯರ ಮೂಗು ಇವೆಲ್ಲ ಹುದ್ದೆಯಿಂದಲೇ ಶುದ್ಧವಾಗಿರುತ್ತವೆಯೆ?

ಆಯಮ್ಮನ ಮೂಗಿನಲ್ಲಿ ರೋಗಾಣು ಇತ್ತು. ಸುಮಾರು ಮೂವರಲ್ಲಿ ಒಬ್ಬರ ಮೂಗಿನಲ್ಲಿ ಅದು ತಣ್ಣಗೆ ಕೂತಿರುತ್ತದೆ. ಅನುಮಾನ ಬಂದು ನನ್ನ ಮೂಗನ್ನೂ ಪರೀಕ್ಷಿಸಿಕೊಂಡೆ, ನನ್ನಲ್ಲೂ ಇತ್ತು. ಅದಕ್ಕಿಂತ ಮುಖ್ಯವಾಗಿ, ಕೂಸನ್ನು ಕೊಂದದ್ದು ಯಾವ ಔಷಧಿಗೂ ಜಗ್ಗದ ತಳಿ. ಆಯಮ್ಮನದು ಮಾಮೂಲಿ ಔಷಧಿಗೇ ಸಾಯುವ ತಳಿ. ಎರಡೂ ಬೇರೆ ಬೇರೆ ಎಂದು, ರೋಗಾಣು ಬೆಳೆಸಿದ ಗಾಜಿನ ತಟ್ಟೆಗಳನ್ನು ತಮ್ಮ ಕೋಣೆಗೇ ತಂದು ತೋರಿಸಿದೆ. ತಾವು ಕನ್ನಡಕ ಹಾಕಿಕೊಳ್ಳದೆಯೇ ಹೇಳಿದಿರಿ:

"ಎರಡೂ ಸ್ಟ್ಯಾಫೇ ತಾನೆ? ಅಷ್ಟು ಬರೀರಿ ಸಾಕು. ಸಹಿ ಹಾಕಿ."

ಹಾಕಿದೆ. ಮರುದಿನ ವಾರ್ಡಿನ ಬಾಗಿಲಿಗೂ ಗೇಟಿಗೂ ನೋಟೀಸು ಬಿತ್ತು: ಸೋಂಕು ಹರಡಿದ ಆಯಾಳಿಗೆ ಆವರಣದೊಳಗೆ ಪ್ರವೇಶವಿಲ್ಲ.

ಒಂದು ಸಂಜೆ ಆಯಮ್ಮನ ಮನೆಗೆ ಹೋದೆ. ಬಚ್ಚಲಲ್ಲಿ ಕೂತು ಫಿನಾಯಿಲಿನಿಂದ ಕೈ ಉಜ್ಜಿಕೊಳ್ಳುತ್ತಿದ್ದರು. ದಿನಕ್ಕೆ ಏಳೆಂಟು ಸಲ ಹೀಗೇ ಎಂದು ಮಗಳು ಹೇಳಿದಳು. ಅಂಗೈ ಬಿರಿದು ರಕ್ತ ಜಿನುಗುತ್ತಿತ್ತು.

"ತಮ್ಮಾ, ಆ ಕೂಸನ್ನ ನಾನೇ ಕೊಂದ್ನಾ?" ಎಂದು ಕೇಳಿದರು.

ಇಲ್ಲ ಎನ್ನಲು ಒಂದು ಉಸಿರು ಸಾಕಿತ್ತು. ಹೇಳಿದರೆ, ಮತ್ತೆ ಸಹಿ ಯಾಕೆ ಹಾಕಿದೆ ಎಂದು ಕೇಳುತ್ತಾರಲ್ಲ! ಕೈಗೆ ಮುಲಾಮು ಹಚ್ಚಿಕೊಳ್ಳಿ ಎಂದು ಹೇಳಿ ಎದ್ದು ಬಂದೆ.

ಆ ಬಿರುಕುಗಳಲ್ಲೇ ರೋಗಾಣು ಒಳಹೊಕ್ಕಿತು. ತೋಳು ಊದಿಕೊಂಡು ಜ್ವರ ಏರಿದಾಗ ಮಗಳು ತಮ್ಮ ಆಸ್ಪತ್ರೆಗೇ ಕರೆತಂದಳು. ಕಾವಲುಗಾರ ನೋಟೀಸು ತೋರಿಸಿ ವಾಪಸ್ಸು ಕಳಿಸಿದ. ಮರುದಿನವೂ ಕಳಿಸಿದ. ಮೂರನೆಯ ದಿನ ಪ್ರಜ್ಞೆ ತಪ್ಪಿದ ಮೇಲೆ ಆಂಬುಲೆನ್ಸಿನಲ್ಲಿ ತಂದಾಗ, ಗುರುತು ಸಿಗದಿದ್ದರಿಂದ ಒಳಗೆ ಬಿಟ್ಟ. ಅವರ ರಕ್ತ ನನ್ನ ಮೇಜಿಗೇ ಬಂತು. ಅವರದೇ ಮೂಗಿನ ಬಡಪಾಯಿ ತಳಿ. ಮೊದಲ ದಿನವೇ ಒಳಗೆ ಬಿಟ್ಟು ಔಷಧಿ ಕೊಟ್ಟಿದ್ದರೆ ಬದುಕುತ್ತಿದ್ದರು. ತಾವು ಮರಣಪತ್ರದಲ್ಲಿ 'ತಡವಾಗಿ ದಾಖಲಾದ ರೋಗಿ' ಎಂದು ಬರೆಸಿದಿರಿ. ಎಂಥ ಸತ್ಯನಿಷ್ಠೆ!

ನನ್ನ ಸುಳ್ಳು ವರದಿಯನ್ನು ಈ ಮೂಲಕ ಹಿಂತೆಗೆದುಕೊಳ್ಳುತ್ತಿದ್ದೇನೆ. ಎರಡೂ ತಟ್ಟೆಗಳು, ಅರ್ಜಿಗಳ ಪ್ರತಿಗಳು ಈಗ ಪೊಲೀಸರ ಬಳಿ ಇವೆ. ನನ್ನ ಮೇಲೆ ಯಾವ ಕ್ರಮ ಬೇಕಾದರೂ ಜರುಗಿಸಿ, ತಕರಾರಿಲ್ಲ. ನನ್ನ ಬೇಡಿಕೆ ಒಂದೇ. ಆ ಮಗಳ ಮನೆಗೆ ನಡೆದು ಹೋಗಿ, ಅವಳ ಕಣ್ಣು ನೋಡುತ್ತ, "ನಿಮ್ಮಮ್ಮ ಯಾರನ್ನೂ ಕೊಲ್ಲಲಿಲ್ಲ" ಎನ್ನಿ. ನಾನು ನಿನ್ನೆ ಹೋಗಿದ್ದೆ. ಅವಳು ಬಾಗಿಲು ತೆರೆಯಲಿಲ್ಲ.

ಇಂತಿ,
ಹೇಳಿದಲ್ಲಿ ಸಹಿ ಹಾಕಿ ಒಳ್ಳೆಯ ನೌಕರನೆನಿಸಿಕೊಂಡ
ತಮ್ಮ ತಂತ್ರಜ್ಞ