ದೋಣಿಯಲ್ಲದ ವಸ್ತುವಿನ ಕುರಿತು

ದೋಣಿ ನೋಂದಣಿ ಕಚೇರಿಯ ಪರಿಶೀಲನಾಧಿಕಾರಿಗಳಿಗೆ,

ಮಾನ್ಯರೇ,

ನನ್ನ ಹಿತ್ತಲಲ್ಲಿ ಹದಿನಾರು ಅಡಿ ಉದ್ದದ, ಮುಂದೆ ಚೂಪಾದ, ಹಿಂದೆ ಇಂಜಿನ್ ಇರುವ, ನೀರಿಗಿಳಿಸಿದರೆ ತೇಲುವ ಒಂದು ವಸ್ತುವಿದೆ. ಅದು ದೋಣಿಯಲ್ಲ ಎಂದು ತಾವು ಕಳೆದ ವಾರ ಸಹಿ, ಮೊಹರಿನ ಸಮೇತ ಬರೆದು ಕಳಿಸಿದ್ದೀರಿ. "ಸದರಿ ವಸ್ತುವಿನ ಮೇಲೆ ತಯಾರಿಕಾ ಸಂಖ್ಯೆ ಇಲ್ಲದಿರುವುದರಿಂದ ಅದನ್ನು ದೋಣಿಯೆಂದು ಪರಿಗಣಿಸಲಾಗದು." ಹದಿನಾಲ್ಕು ತಿಂಗಳು ನಾನು ಉಜ್ಜಿದ್ದು, ಅಂಟಿಸಿದ್ದು, ಮೈಯೆಲ್ಲ ತುರಿಸಿಕೊಂಡದ್ದು ಒಂದು ಸದರಿ ವಸ್ತುವಿಗಾಗಿ ಎಂದು ತಿಳಿದು ಧನ್ಯನಾದೆ.

ನಾನು ದರ್ಜಿ. ದರ್ಜಿಗೆ ದೋಣಿ ಯಾಕೆ ಎಂದು ತಾವು ಕೇಳಬಹುದು, ಬೀದಿಯವರೆಲ್ಲ ಕೇಳಿಯಾಗಿದೆ. ನನ್ನ ಹೆಂಡತಿ ಮೀನುಗಾರನ ಮಗಳು. ನಮ್ಮ ಮಾವನ ದೋಣಿಯ ಚುಕ್ಕಾಣಿ ಹಿಡಿದು ಬೆಳೆದವಳು. ಮಾವ ತೀರಿಕೊಂಡರು, ದೋಣಿಯೂ ಕೈಬಿಟ್ಟು ಹೋಯಿತು. ಹನ್ನೊಂದು ವರ್ಷದಿಂದ ಅವಳು ದಡದಲ್ಲಿ ಮಂಜುಗಡ್ಡೆಯ ಮುಂದೆ ನಿಂತು ಬೇರೆಯವರು ಹಿಡಿದ ಮೀನು ಆರಿಸುತ್ತಾಳೆ. ಸಂಜೆ ಮನೆಗೆ ಬಂದರೆ ಮೀನಿನ ಮಾತಿಲ್ಲ, ದೋಣಿಯದ್ದೇ ಮಾತು. "ಇವತ್ತು ಆ ನೀಲಿ ದೋಣಿಯವನು ದೋಣಿನ ಅಲೆಗೆ ಅಡ್ಡ ತಿರುಗಿಸಿದ ರೀ, ನೋಡೋಕಾಗಲಿಲ್ಲ." ದಿನವೂ ಇದೇ ಕೇಳುತ್ತಿದ್ದೆ. ಹಾಗಾಗಿ ಗಿರಾಕಿಯೊಬ್ಬರ ತೋಟದಲ್ಲಿ ಹಳೆಯ ಫೈಬರ್ ದೋಣಿಯೊಂದು ಮಣ್ಣು ತುಂಬಿಕೊಂಡು ಟೊಮೆಟೊ ಬೆಳೆಯುತ್ತಿದ್ದುದನ್ನು ಕಂಡಾಗ, ಎರಡು ಕೋಟು ಹೊಲಿದುಕೊಟ್ಟು ಅದನ್ನು ಮನೆಗೆ ತಂದೆ. ಟೊಮೆಟೊ ಅವರೇ ಇಟ್ಟುಕೊಂಡರು.

ಫೈಬರ್ ಎಂದರೆ ಕೊನೆಗೂ ಬಟ್ಟೆಯೇ ತಾನೇ? ಗಾಜಿನ ನೂಲು, ಗಂಜಿಯ ಬದಲು ರಾಳ. ಹೆಂಡತಿ ಬೆರಳ ಗೆಣ್ಣಿನಿಂದ ದೋಣಿಯ ಮೈಯೆಲ್ಲ ತಟ್ಟುತ್ತಾ ಬಂದಳು, ಸದ್ದು ಮಂಕಾದಲ್ಲೆಲ್ಲ ನಾನು ಸೀಮೆಸುಣ್ಣದಿಂದ ಗುರುತು ಹಾಕಿದೆ. ಕಾಗದದಲ್ಲಿ ಅಳತೆ ಕತ್ತರಿಸಿ, ಅದರಂತೆ ತೇಪೆ ಹಾಕಿದೆ. ಕೆಟ್ಟುಹೋದ ಫ್ರಿಜ್ಜು ಮೀನಿನ ಪೆಟ್ಟಿಗೆಯಾಯಿತು. ನೀರಿನ ಪೈಪು ಕತ್ತರಿಸಿ ಗಾಳದ ಕೋಲು ನಿಲ್ಲಿಸಲು ಗೂಡು ಮಾಡಿದೆ. ಗುಜರಿ ಬಸ್ಸಿನ ಸೀಟಿಗೆ ಹೊಸ ಹೊದಿಕೆ ಹೊಲಿದೆ. ಇಷ್ಟು ನೇರವಾದ ಹೊಲಿಗೆಯ ಸೀಟು ಈ ದಡದ ಯಾವ ದೋಣಿಯಲ್ಲೂ ಇಲ್ಲ, ಬೇಕಾದರೆ ಪಂದ್ಯ ಕಟ್ಟುತ್ತೇನೆ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಹಳೆಯ ಕೋಟು ರಿಪೇರಿಗೆ ಬಂದರೆ ಮೊದಲು ಹಳೆಯ ದರ್ಜಿಯ ಲೇಬಲ್ ಬಿಚ್ಚುವುದು ನನ್ನ ರೂಢಿ. ಇಂಜಿನ್ ಕೂರುವ ಹಿಂಬದಿಯ ಹಲಗೆ ಕೊಳೆತಿತ್ತು, ಅದರ ಮೇಲೆ ಉಬ್ಬಿದ ಅಕ್ಷರದಲ್ಲಿ ಏನೋ ಸಂಖ್ಯೆ ಇತ್ತು. ಹಳೆಯವನ ಲೇಬಲ್ ಎಂದುಕೊಂಡು ಅಂಗೈಯಗಲದ ಆ ತುಂಡನ್ನು ನಾಜೂಕಾಗಿ ಕೊಯ್ದು ತೆಗೆದೆ. ಆದರೆ ಉಳಿಕೆ ತುಂಡನ್ನು ಎಸೆಯದೆ ಗಿರಾಕಿಗೆ ಹಿಂದಿರುಗಿಸುವುದೂ ನನ್ನ ರೂಢಿಯೇ. ತುಂಡು ಭದ್ರವಾಗಿತ್ತು. ತಮ್ಮ ಮೇಜಿನ ಮುಂದೆ ನಡೆದ ಮಾತು ತಮಗೆ ನೆನಪಿರಬಹುದು.

"ನಂಬರ್ ಎಲ್ರೀ?"

"ಇಲ್ಲಿದೆ ಸಾರ್," ಎಂದು ಜೇಬಿನಿಂದ ತೆಗೆದೆ.

ತಾವು ದಾಖಲೆ ತೆರೆದು ನೋಡಿದಿರಿ. "ನಂಬರೇನೋ ಅಸಲಿನೇ. ಆದ್ರೆ ಇದು ದೋಣಿ ಮೇಲಿರಬೇಕು."

"ಅಂಟಿಸಿಬಿಡ್ತೀನಿ ಸಾರ್. ಒಂದು ಗಂಟೆ ಕೆಲಸ, ಜೋಡಣೆನೇ ಕಾಣಲ್ಲ."

"ಕಾಣದಂಗೆ ಅಂಟಿಸಿದ್ರೆ ಅದು ಅಪರಾಧ."

"ಕಾಣೋ ಹಂಗೆ ಅಂಟಿಸ್ಲಾ?"

"ಅದೂ ಅಪರಾಧನೇ. ನಂಬರ್ ಇರೋ ದೋಣಿ ತನ್ನಿ."

ಲೇಬಲ್ ಕಿತ್ತರೆ ಕೋಟು ಕೋಟಲ್ಲವೇ, ಮಾನ್ಯರೇ? ಅಂದು ತಾವು ಕೆಳಗಿನ ಡ್ರಾಯರಿಗೆ ಬಗ್ಗಿದಾಗ ತಮ್ಮ ಷರಟಿನ ಕಾಲರಿನಲ್ಲಿ ಲೇಬಲ್ ಇರಲಿಲ್ಲ, ಮೂರನೆಯ ಗುಂಡಿಗೆ ಬೇರೆ ಬಣ್ಣದ ದಾರ ಹಾಕಿದ್ದರು. ದರ್ಜಿಯ ಕಣ್ಣು, ಏನು ಮಾಡಲಿ. ಆದರೂ ನಾನು ಅದನ್ನು ಸದರಿ ವಸ್ತು ಎನ್ನಲಿಲ್ಲ, ಷರಟೆಂದೇ ಗೌರವಿಸಿದೆ.

ತಮ್ಮ ಪತ್ರ ಬರುವ ಮೊದಲು ಒಂದು ಬೆಳಿಗ್ಗೆ ಹಿನ್ನೀರಿನಲ್ಲಿ ಅದನ್ನು ತೇಲಿಸಿ ನೋಡಿದೆವು. ಹೆಂಡತಿ ಒಂದು ಸುತ್ತು ಹೋಗಿ ಬಂದು ಇಂಜಿನ್ ಆರಿಸಿದಳು. ಆಮೇಲೆ, "ಸ್ವಲ್ಪ ಎಡಕ್ಕೆ ಎಳೆಯುತ್ತೆ. ಇರಲಿ ಬಿಡಿ, ಅಪ್ಪನ ದೋಣಿನೂ ಹಿಂಗೇ ಎಳೀತಿತ್ತು," ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಂದಿನಿಂದ ಬೇರೆಯವರ ದೋಣಿಯ ಮಾತೇ ಎತ್ತಿರಲಿಲ್ಲ. ತಮ್ಮ ಪತ್ರ ಬಂದ ಸಂಜೆ ಮತ್ತೆ ನೀಲಿ ದೋಣಿಯವನ ವಿಷಯ ಶುರುವಾಯಿತು. ನನಗೆ ನಿಜಕ್ಕೂ ಸಿಟ್ಟು ಬಂದದ್ದು ಆಗಲೇ. ಸೋಮವಾರದಿಂದ ಆರು ವಾರ ಮಾತ್ರ ಮೀನು ದಡದ ಹತ್ತಿರ ಬರುತ್ತದೆ, ಈ ಸಲ ತಪ್ಪಿದರೆ ಇನ್ನೊಂದು ವರ್ಷ ಅವಳು ಮಂಜುಗಡ್ಡೆಯ ಮುಂದೆಯೇ.

ಆದ್ದರಿಂದ ತಮ್ಮ ಆದೇಶವನ್ನು ಅಕ್ಷರಶಃ ಪಾಲಿಸುತ್ತಿದ್ದೇನೆ. ಸಂಖ್ಯೆ ಇದ್ದದ್ದು ದೋಣಿ ಎಂದಾದರೆ, ಆ ಅಂಗೈಯಗಲದ ತುಂಡೇ ದೋಣಿ. ಅದನ್ನು ಈ ಪತ್ರದ ಲಕೋಟೆಯಲ್ಲಿಟ್ಟು ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದ್ದೇನೆ. ದಯವಿಟ್ಟು ಉದ್ದಗಲ ಅಳೆದು, ತಮ್ಮ ನೀರಿನ ಲೋಟದಲ್ಲಿ ತೇಲಿಸಿ ನೋಡಿ, ನೋಂದಣಿ ಮಾಡಿಕೊಡಬೇಕು. ಉಳಿದ ಹದಿನಾರಡಿ ವಸ್ತುವನ್ನು ಸೋಮವಾರ ಬೆಳಿಗ್ಗೆ ನನ್ನ ಹೆಂಡತಿ ಸಮುದ್ರಕ್ಕಿಳಿಸುತ್ತಾಳೆ. ನಂಬರಿಲ್ಲದ ದೋಣಿಗೆ ಪ್ರವೇಶವಿಲ್ಲ ಎಂದು ಬಂದರಿನ ಗೇಟಿನ ಫಲಕದಲ್ಲಿದೆ, ವಸ್ತುವಿಗೆ ಇಲ್ಲ ಎಂದಿಲ್ಲ. ಕಾವಲುಗಾರ ಕೇಳಿದರೆ ತಮ್ಮ ಪತ್ರವನ್ನೇ ತೋರಿಸುತ್ತಾಳೆ.

ಇದಕ್ಕೆ ತಮ್ಮ ಆಕ್ಷೇಪವಿದ್ದರೆ ತಾವೇ ಗೇಟಿಗೆ ಬಂದು, "ಇದು ದೋಣಿ, ನಿಲ್ಲಿಸಿ," ಎಂದು ಎಲ್ಲರೆದುರು ಹೇಳಬಹುದು. ಅವಳು ಖಂಡಿತ ನಿಲ್ಲಿಸುತ್ತಾಳೆ. ತಾವು ಹೇಳಿದ್ದನ್ನು ಅಲ್ಲೇ ಬರೆದು ಸಹಿ ಹಾಕಿ ಕೊಡಿ, ನಮಗೆ ಅಷ್ಟೇ ಬೇಕಾಗಿರುವುದು. ಪೆನ್ನು ನಾನು ತರುತ್ತೇನೆ, ಷರಟಿನ ಗುಂಡಿಗೆ ಸರಿಯಾದ ಬಣ್ಣದ ದಾರವನ್ನೂ.

ಇಂತಿ,
ಸದರಿ ವಸ್ತುವಿನ ದರ್ಜಿ,
ಅದನ್ನು ನಡೆಸುವವಳ ಗಂಡ,
ಈಜು ಬಾರದ ಕಾರಣ ದಡದಲ್ಲೇ ಇರುವವನು