ಒಂದು ಹೊರೆ ಹುಲ್ಲು

ಊರ ಮುಖಂಡ ದರ್ಸೊನೊಗೆ,

ಅಣ್ಣ ಅಂತ ಬರೆಯಲು ಹೋದೆ, ಕೈ ಬರಲಿಲ್ಲ. ನೀವು ಅನ್ನುವಷ್ಟು ಮರ್ಯಾದೆಯೂ ನಿನ್ನ ಮೇಲೆ ಉಳಿದಿಲ್ಲ. ನಿನ್ನೆ ನೀನು ಕಳಿಸಿದ ಕರು ನನ್ನ ಗುಡಿಸಲ ಮುಂದೆ ನಿಂತಿದೆ. ತಂಗಿಗೆ ಆಸರೆಯಾಗಲಿ ಅಂತ ಹೇಳಿ ಕಳಿಸಿದೆಯಂತೆ. ಅಬ್ಬಾ, ಏನು ದೊಡ್ಡ ಮನಸ್ಸಯ್ಯಾ ನಿನ್ನದು!

ಬೆಂಕಿಬೆಟ್ಟ ಮೆರಾಪಿಯ ಬುಡದಲ್ಲಿ ಹುಟ್ಟಿ ಬೆಳೆದವರು ನಾವು. ಬೆಟ್ಟದಜ್ಜ ಹೇಳದೆ ಕೇಳದೆ ಸಿಡಿಯುವವನಲ್ಲ. ಸಿಡಿಯುವ ಮುಂಚಿನ ಆ ವಾರ ಅವನು ಎಷ್ಟು ಬಗೆಯಲ್ಲಿ ಹೇಳಿದ! ಊಟೆ ಬತ್ತಿತು. ಮೇಲಿನ ಕಾಡಿನ ಕೋತಿಗಳು ಮರಗೆಣಸಿನ ಹೊಲಕ್ಕೆ ಇಳಿದವು. ಅಡುಗೆಮನೆಯ ಪಾತ್ರೆಗಳು ತಾವಾಗಿಯೇ ಅಲುಗಾಡಿದವು. ಬೆಟ್ಟದ ನಡುಕ ಅಳೆಯುವ ಆಫೀಸಿನವರೂ ಬಂದು ಊರು ಬಿಡಿ ಅಂದರು. ನೀನು ಜಗಲಿ ಮೇಲೆ ಲವಂಗದ ಸಿಗರೇಟು ಸೇದುತ್ತಾ, "ಅಜ್ಜ ಇನ್ನೂ ನನ್ನ ಕನಸಿಗೆ ಬಂದಿಲ್ಲ. ಬಂದಾಗ ನಾನೇ ಹೇಳ್ತೀನಿ, ತೆಪ್ಪಗಿರಿ" ಅಂದೆ. ಹಿಂದೊಮ್ಮೆ ನಿನ್ನ ಮಾತಿಗೆ ಊರೆಲ್ಲ ಇಳಿದು, ಬೆಟ್ಟ ಸುಮ್ಮನಿದ್ದು, ಜನ ನಿನ್ನನ್ನು ಆಡಿಕೊಂಡು ನಕ್ಕಿದ್ದರಲ್ಲ, ಆ ನಗು ನಿನಗೆ ಇನ್ನೂ ಅರಗಿರಲಿಲ್ಲ. ಅಪಾಯ ಬಂದಾಗ ಬಡಿಯುವ ಟೊಳ್ಳುಮರದ ಕೆಂಟೊಂಗನ್ ಇತ್ತಲ್ಲ, ಅದರ ಕೋಲನ್ನೂ ಕಾವಲುಕಟ್ಟೆಯಿಂದ ಎತ್ತಿಕೊಂಡು ಹೋಗಿ ಮನೆಯಲ್ಲಿಟ್ಟುಕೊಂಡೆ.

ನನ್ನ ಗಂಡ ತುಗಿಮಿನ್ ನಿನ್ನನ್ನು ನಂಬಿದ್ದ. "ನಿಮ್ಮಣ್ಣ ಹಸು ಬಿಟ್ಟು ಹೋಗೋ ಆಸಾಮಿನಾ? ಅವು ಕೊಟ್ಟಿಗೇಲಿ ಇರೋವರೆಗೂ ನಮಗೇನೂ ಆಗಲ್ಲ ಕಣೇ" ಅಂತ ನನ್ನನ್ನೇ ರೇಗಿಸಿದ. ಅಂದು ಬೆಳಿಗ್ಗೆ ನೀನು ಬೇಲಿ ಹತ್ತಿರ ಬಂದು, ನಿನ್ನ ಹಸುಗಳಿಗೂ ಒಂದು ಹೊರೆ ಹುಲ್ಲು ಕೊಯ್ದು ತಾ ಅಂದೆ. ಅವನು ಕುಡುಗೋಲು ಸಿಕ್ಕಿಸಿಕೊಂಡು ಬೆಟ್ಟ ಹತ್ತಿದ.

ಮಧ್ಯಾಹ್ನ ಆ ಹಸುಗಳಿಗೆ ಗೆಣಸಿನ ಸಿಪ್ಪೆ ಹಾಕೋಣ ಅಂತ ನಿನ್ನ ಹಿತ್ತಲಿಗೆ ಬಂದೆ. ಕೊಟ್ಟಿಗೆ ಖಾಲಿ. ಗೂಟದಲ್ಲಿ ಹಗ್ಗವಿಲ್ಲ, ಸಗಣಿ ಕೂಡ ಒಣಗಿತ್ತು. ನೀನು ಹಸುಗಳನ್ನು ಹಿಂದಿನ ರಾತ್ರಿಯೇ ಕದ್ದುಮುಚ್ಚಿ ಲಾರಿ ಹತ್ತಿಸಿ ಕೆಳಗೆ ಸಾಗಿಸಿದ್ದೆ. ಅದು ಯಾರಿಗೂ ಗೊತ್ತಾಗಬಾರದು ಅಂತ ನನ್ನ ಗಂಡನ ಕೈಯಲ್ಲಿ ಹುಲ್ಲು ತರಿಸುವ ನಾಟಕ! ಥೂ ನಿನ್ನ.

ನಾನು ಒನಕೆ ಎತ್ತಿಕೊಂಡು ಕಾವಲುಕಟ್ಟೆಗೆ ಓಡಿದೆ. ಅದರಲ್ಲೇ ಕೆಂಟೊಂಗನ್ ಬಡಿದೆ. ನೀನು ಓಡಿಬಂದು ರಟ್ಟೆ ಹಿಡಿದು, "ನನ್ನ ಮಾನ ತೆಗೀಬೇಡ್ವೇ" ಅಂದೆ. "ನಿನ್ನ ಹಸು ಎಲ್ಲಿ?" ಅಂತ ಕೇಳಿದೆ ನಾನು, ಎಲ್ಲರೆದುರು. ನಿನ್ನ ಕೈ ತಾನಾಗಿ ಸಡಿಲವಾಯಿತು.

ಊರು ಇಳಿಯಿತು. ತುಗಿಮಿನ್ ಇಳಿಯಲಿಲ್ಲ. ಬೆಟ್ಟದಿಂದ ಬಿಸಿ ಬೂದಿಯ ಮೋಡ ಉರುಳಿ ಬಂದಾಗ ಅವನು ಅರ್ಧ ದಾರಿಯಲ್ಲಿದ್ದನಂತೆ. ಪಕ್ಕದಲ್ಲಿ ಹೆಗಲಡ್ಡೆ ಕರಕಲಾಗಿ ಬಿದ್ದಿತ್ತಂತೆ. ನಮ್ಮದೊಂದೇ ಹೊರೆಯಾಗಿದ್ದರೆ ತಲೆ ಮೇಲೆ ಹೊತ್ತು ಬೇಗ ಬರುತ್ತಿದ್ದ. ಎರಡು ಹೊರೆಯಿದ್ದರೆ ಮಾತ್ರ ಅವನು ಅಡ್ಡೆ ಒಯ್ಯುತ್ತಿದ್ದ.

ಈಗ ಉಳಿದವರಿಗಾಗಿ ಕಟ್ಟುತ್ತಿರುವ ಹೊಸ ಊರಿಗೂ ನೀನೇ ಮುಖಂಡನಾಗಬೇಕಂತೆ. ಊರು ಉಳಿಸಿದವನು ನಾನೇ ಅಂತ ಹೇಳಿಕೊಂಡು ತಿರುಗುತ್ತೀಯಂತೆ. ನಾನು ಬಾಯಿ ಮುಚ್ಚಿಕೊಂಡಿರಲಿ ಅಂತ ತಾನೇ ಈ ಕರು? ಮುಖಂಡನನ್ನು ಆರಿಸುವ ನಾಳಿನ ಸಭೆಗೆ ನಾನೂ ಬರುತ್ತೇನೆ. ಅವತ್ತು ಕೇಳಿದ್ದನ್ನೇ ಮತ್ತೆ ಕೇಳುತ್ತೇನೆ.

ಈ ಕಾಗದದ ಜೊತೆಗೇ ಕರುವನ್ನು ವಾಪಸ್ ಕಳಿಸುತ್ತಿದ್ದೇನೆ. ಅದರ ಮೇಲೆ ನನಗೇನೂ ಸಿಟ್ಟಿಲ್ಲ. ಜೊತೆಗೆ ನಾನೇ ಕೊಯ್ದ ಒಂದು ಹೊರೆ ಹುಲ್ಲಿದೆ, ಇಳಿಸಿಕೋ. ಈ ಸಲ ತಿನ್ನೋಕೆ ಕೊಟ್ಟಿಗೆಯಲ್ಲಿ ದನ ಇದೆಯಲ್ಲ.

ನಿನ್ನ ಹಸುಗಳು ಸುಖವಾಗಿರಲಿ.

ತುಗಿಮಿನ್‌ನ ಹೆಂಡತಿ,
ಸರ್ತಿನಾ