ಅಳಿಲು ಹಾರುವ ಮುನ್ನ

ಮಾರ್ಚ್ 3

ಬೀದಿ ತಿರುವಿನಿಂದ ವಾಪಸ್ ಬಂದು ಗ್ಯಾಸ್ ಮುಟ್ಟಿ ನೋಡಿದೆ. ಆರಿತ್ತು. ನಲ್ಲಿಯೂ ನಿಂತಿತ್ತು. ಅತ್ತೆ ಮನೆಯಲ್ಲೇ ಇರುತ್ತಾರೆ, ಆದರೂ ನಾನೇ ನೋಡದೆ ಮುಂದೆ ಹೆಜ್ಜೆ ಇಡಲಾರೆ. ಬಸ್ಸು ತಪ್ಪಿತು. ದಿನಾ ಇದೇ ಪಾಡು.

ಅಳಿಲಿನ ವಿಷಯದಲ್ಲಿ ಮಾತ್ರ ಎಳ್ಳಷ್ಟೂ ದಿಗಿಲಿಲ್ಲ. ನಾಳೆ ನಮ್ಮ ಗೇಮ್ ಬಿಡುಗಡೆ. ಅಳಿಲು, ಮುಳ್ಳುಹಂದಿ — ಇಬ್ಬರು ನಾಯಕರು. ಹಾರಬೇಕು, ಹೊಂಡ ದಾಟಬೇಕು, ಬೀಜ ಕೂಡಿಸಬೇಕು. ಅಳಿಲಿನ ಚಿತ್ರಗಳೆಲ್ಲ ನನ್ನವು. ಹಾರುವ ಮೊದಲು ಕುಕ್ಕರಿಸುತ್ತದೆ, ಬಾಲ ಸುರುಳಿ, ಕಿವಿ ಹಿಂದೆ... ಆಮೇಲೆ ಚಂಗನೆ! ಮೊದಲಿದ್ದ ಕಾರ್ಟೂನ್ ಸಿನಿಮಾ ಕೆಲಸದಲ್ಲಿ ಕೈ ಹಿಡಿದು ಕಲಿಸಿದ್ದೇ ಇದು: ಕುಗ್ಗದೆ ಹಾರಿದರೆ ಮೈಗೆ ತೂಕವಿದ್ದಂತೆ ಕಾಣದು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಬೇರೇನೂ ನೆಟ್ಟಗೆ ಬಾರದು. ಇದು ಬರುತ್ತದೆ.

ಪ್ರೋಗ್ರಾಂ ಬರೆಯುವ ಹುಡುಗನಿಗೆ ನಾವೆಲ್ಲ ಇಟ್ಟ ಹೆಸರು ಗೊಣಗಪ್ಪ. ಇವತ್ತೂ ಗೊಣಗಿದ.

"ಅಕ್ಕಾ, ಬಟನ್ ಒತ್ತಿದ್ಮೇಲೆ ಇದು ಕೂತು ಏಳೋಷ್ಟರಲ್ಲಿ ಲೇಟಾಗತ್ತೆ."

"ಚೆಂದ ಬೇಕು ಅಂದ್ರೆ ಸ್ವಲ್ಪ ಕಾಯ್ಬೇಕಪ್ಪ" ಅಂದೆ.

ಕಂಪನಿಯ ಯಜಮಾನರೂ ನನ್ನ ಕಡೆಯೇ.

ಮಾರ್ಚ್ 5

ಆಡಿದವರು ಬರೆದಿದ್ದಾರೆ. ಇಂಗ್ಲಿಷಿನದನ್ನು ಗೊಣಗಪ್ಪನೇ ಓದಿ ಹೇಳಿದ. ಚಿತ್ರ ಅದ್ಭುತವಂತೆ, ಆಟ ಸಪ್ಪೆಯಂತೆ. ಬಟನ್ ಒತ್ತಿ ಟೀ ಕುಡಿದು ಬಂದರೂ ಅಳಿಲು ಅಲ್ಲೇ ಇರುತ್ತದಂತೆ! ಆಫೀಸಿನಲ್ಲಿ ಯಾರೂ ನಗಲಿಲ್ಲ.

ಇರಲಿ. ಅವರಿಗೆ ಆಡಲು ಬರುವುದಿಲ್ಲ. ನನಗೆ ಖಾತ್ರಿ.

ಮಾರ್ಚ್ 6, ಸಂಜೆ

ಅತ್ತೆಗೆ ಆಡಲು ಕೊಟ್ಟೆ. ಮೊಬೈಲಿನ ಯಾವ ಆಟವನ್ನೂ ಬಿಟ್ಟವರಲ್ಲ, ಹೆಬ್ಬೆರಳು ನೊಂದು ಎಣ್ಣೆ ಹಚ್ಚಿಕೊಳ್ಳುವಷ್ಟು ಆಡುತ್ತಾರೆ. ಮೊದಲ ಹೊಂಡಕ್ಕೇ ಬಿದ್ದರು. ಮತ್ತೆ ಬಿದ್ದರು. ಕನ್ನಡಕ ಮೇಲೇರಿಸಿ ನನ್ನನ್ನೇ ನೋಡಿದರು.

"ಇದು ಥೇಟ್ ನೀನೇ ಕಣೆ."

"ಏನತ್ತೆ?"

"ಹಾರು ಅಂದ್ರೆ ಹಾರಲ್ಲ. ಗ್ಯಾಸ್ ಆರ್ಸಿದ್ನಾ, ನಲ್ಲಿ ನಿಲ್ಸಿದ್ನಾ ಅಂತ ಯೋಚ್ನೆ ಮಾಡತ್ತೆ. ಅಷ್ಟರಲ್ಲಿ ನೆಲ ಮುಗ್ದು ಹೊಂಡ ಬಂತು."

ಆಫೀಸಿನ ಯಜಮಾನರೇ ಎದುರಿಗೆ ಕೂತಿದ್ದರೂ ಅತ್ತೆ ಹೀಗೇ ಅನ್ನುತ್ತಿದ್ದರು. ಸಿಟ್ಟು ಬಂತು. ಅಡುಗೆಮನೆಗೆ ಹೋದೆ. ಹೋದವಳು ಗ್ಯಾಸ್ ನೋಡಿದೆ.

ಮಾರ್ಚ್ 14

ಬರೆಯಲು ಮನಸ್ಸಿರಲಿಲ್ಲ.

ಇಂದು ಯಜಮಾನರು ಬಾಗಿಲು ಮುಚ್ಚಿ ಮಾತಾಡಿದರು. ಗೇಮ್ ತಿದ್ದಿ ಮತ್ತೆ ಬಿಡಲು ಒಂದು ವಾರ. ಆಗಲೂ ಜನ ಉಗಿದರೆ ನಮ್ಮ ತಂಡಕ್ಕೆ ಬೀಗ. ಮತ್ತೆ ಕೆಲಸ ಹುಡುಕುವುದೆಂದರೆ... ಎಲ್ಲಿ ಹೋದರೂ ಮೊದಲು ಕೇಳುವುದು ಓದಿದ್ದೆಷ್ಟು ಅಂತ.

"ಅಕ್ಕಾ, ಕುಕ್ಕರಿಸೋದು ತೆಗೆದ್ಬಿಡೋಣ" ಅಂದ ಗೊಣಗಪ್ಪ. ದನಿಯಲ್ಲಿ ಗೊಣಗು ಇರಲಿಲ್ಲ, ಅದೇ ಚುಚ್ಚಿತು. ತೆಗೆದು ತೋರಿಸಿದ. ಅಳಿಲು ಸರಕ್ಕನೆ ಹಾರಿತು — ಗಾಳಿಗೆ ಸಿಕ್ಕ ಕಾಗದದ ಚೂರು. ಕಣ್ಣಿಗೆ ನೋವಾಯಿತು.

ಊಟಕ್ಕೆ ಕೂತಾಗ ಅತ್ತೆಗೆ ಎಲ್ಲ ಹೇಳಿದೆ.

"ಹಾರೋದು ಹಾರ್ಬಿಡ್ಲಿ ಬಿಡೇ" ಅಂದರು. "ಆ ಕಡೆ ಹೋಗಿ ಕೂತು ದಿಗಿಲು ಬೀಳ್ಲಿ. ಯಾರು ಬೇಡ ಅಂತಾರೆ?"

ತುತ್ತು ಕೈಯಲ್ಲೇ ಉಳಿಯಿತು.

ಮಾರ್ಚ್ 15

ಮಾಡಿದೆ! ಹಾರುವ ಮುಂಚೆ ಕುಕ್ಕರಿಸುತ್ತಿದ್ದುದು ಈಗ ಇಳಿದ ಮೇಲೆ. ಒತ್ತಿದ ಕೂಡಲೇ ಹಾರುತ್ತದೆ. ನೆಲ ತಾಕಿದಾಗ ಮೈ ಕುಗ್ಗುತ್ತದೆ, ಬಾಲ ಸುರುಳಿ, ಕಿವಿ ಹಿಂದೆ. ತೂಕ ಬಂತು. ಕುಗ್ಗಿದ್ದಾಗಲೇ ಬಟನ್ ಒತ್ತಿದರೂ ಎದ್ದು ಹಾರುವಂತೆ ಗೊಣಗಪ್ಪ ಸರಿ ಮಾಡಿದ. ಒಂದು ಚಿತ್ರವೂ ಹಾಳಾಗಲಿಲ್ಲ. ನಾನು ಕಲಿತದ್ದು ಸುಳ್ಳಲ್ಲ, ಇಟ್ಟ ಜಾಗ ತಪ್ಪು.

ಅತ್ತೆ ಮೂರನೇ ಹಂತದವರೆಗೆ ಹೋದರು. "ಮುಳ್ಳುಹಂದಿ ಇನ್ನೂ ಶುದ್ಧ ದಂಡ" ಅಂದರು. ಹೌದು, ದಂಡವೇ. ಅದು ನನ್ನದಲ್ಲ.

ಮಾರ್ಚ್ 21, ಬಸ್ಸಿನಲ್ಲಿ

ಇವತ್ತು ತಿದ್ದಿದ ಗೇಮ್ ಬಿಡುತ್ತಾರೆ. ಜನ ಏನನ್ನುತ್ತಾರೋ. ಅಳಿಲು ಬೀಳುವುದಿಲ್ಲ, ಅಷ್ಟು ಗೊತ್ತು.

ತಿರುವಿಗೆ ಬಂದಾಗ ನೆನಪಾಯಿತು — ಗ್ಯಾಸ್. ಬಸ್ಸು ಎದುರಿಗೇ ಬಂದು ನಿಂತಿತ್ತು. ಹತ್ತಿಬಿಟ್ಟೆ. ಈಗ ಸೀಟಿನಲ್ಲಿ ಮುದುರಿ ಕೂತು, ಚೀಲ ಅವುಚಿಕೊಂಡು ಬರೆಯುತ್ತಿದ್ದೇನೆ. ಬಸ್ಸು ಕುಲುಕಿದಂತೆ ಅಕ್ಷರ ಸೊಟ್ಟ.

ಅತ್ತೆಗೆ ಫೋನ್ ಮಾಡಿದೆ. ಎತ್ತಿದವರೇ, "ಆರ್ಸಿದೀಯ" ಅಂದರು. ನಾನಿನ್ನೂ ಕೇಳಿಯೇ ಇರಲಿಲ್ಲ. ಹಿಂದಿನಿಂದ ಅಳಿಲು ಹಾರುವ ಸದ್ದು, ಮೇಲಿಂದ ಮೇಲೆ. "ಇಡೆ ಫೋನು, ಹೊಂಡ ಬಂತು..."

ನಲ್ಲಿಯ ವಿಷಯ ಕೇಳುವುದು ಮರೆತೆ. ಇನ್ನೊಮ್ಮೆ ಮಾಡಲೇ? ಬೇಡ. ಆಫೀಸಿನ ಸ್ಟಾಪು ಬಂತು, ಇಳಿಯಬೇಕು.